ಯಮನೂರಪ್ಪ ಕಿತ್ತ ನೀಲಿ ವಯರು

ಗುಟ್ಟು ಕಾಪಾಡುವುದು ಬಹಳ ಕಷ್ಟ ಎಂದು ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಸುತ್ತಮುತ್ತ ಕೆದಕಿ ಕೆದಕಿ ಕೇಳುವ ಜನ ಇದ್ದಾರೆ ಎಂದು ಅದರ ಅರ್ಥ. ಈಚೆಗೆ ಐದು ವಾರ ನಾನೂ ಒಂದು ಗುಟ್ಟು ಇಟ್ಟುಕೊಂಡಿದ್ದೆ. ಸಣ್ಣಪುಟ್ಟದ್ದಲ್ಲ, ದೇಶವಿದೇಶದ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳಿಗೆ ಸಂಬಂಧಿಸಿದ್ದು. ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದು ದೂರದ ದೇಶದ ಬಲ್ಲವರು ಪತ್ರ ಬರೆದು ಕೇಳಿಕೊಂಡಿದ್ದರು. ಪತ್ರ ಓದಿ ನಾನು ಸುತ್ತ ನೋಡಿದೆ. ಒಂದು ಕುರ್ಚಿ, ಒಂದು ಬೀರು, ತೌಡಿನ ಧೂಳು ಕುಳಿತ ಒಂದು ಕಿಟಕಿ. ಇವುಗಳಲ್ಲಿ ಯಾವುದರ ಮುಂದೆ ಬಾಯಿ ಬಿಡಬಾರದೆಂದು ಅವರು ಹೇಳಿರಲಿಲ್ಲ.

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರು ನೋಡಿಕೊಳ್ಳುವವಳು. ವಯಸ್ಸು ನಲವತ್ತಾರು. ಮದುವೆಯಾಗಿಲ್ಲ, ಯಾಕೆ ಎಂದು ಕೇಳುವುದನ್ನು ಜನ ಬಿಟ್ಟು ಹತ್ತು ವರ್ಷವಾಯಿತು, ಆ ಪ್ರಶ್ನೆಯೂ ಒಂದು ಬಗೆಯ ಜೊತೆಯಾಗಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಹುಟ್ಟಿದ್ದು ಯಲಬುರ್ಗಾ ಕಡೆಯ ಮಂಗಳೂರು. ಓದುವಾಗ ಹಾಸ್ಟೆಲಿನಲ್ಲಿ “ನಮ್ಮೂರು ಮಂಗಳೂರು” ಎಂದರೆ ಹುಡುಗಿಯರು ಮೀನು ತಂದುಕೊಡು ಎನ್ನುತ್ತಿದ್ದರು. ನಮ್ಮ ಮಂಗಳೂರಿನಲ್ಲಿ ಸಮುದ್ರ ಹೋಗಲಿ, ಬೇಸಿಗೆಯಲ್ಲಿ ಕೊಡದ ತಳದಲ್ಲಿ ನೀರಿರುವುದೂ ಸಂಶಯ. ಗಿರಣಿಯಲ್ಲಿ ನನ್ನದು ಮೇಲಿನ ಕೋಣೆ. ಸರ್ವರು ಬಿಸಿಯಾಗಬಾರದೆಂದು ಅಲ್ಲಿ ಏಸಿ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಗಿರಣಿಯ ಜನರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಯೋಗಕ್ಷೇಮ ವಿಚಾರಿಸಿ, ಬೆವರು ಆರುವ ತನಕ ಕೂತು ಹೋಗುತ್ತಾರೆ. ಜೂನಿನಲ್ಲಿ ನಾಲ್ಕು ಮಳೆ ಬಿದ್ದರೆ ನನ್ನ ಯೋಗಕ್ಷೇಮ ಯಾರಿಗೂ ಬೇಡ.

ಹನ್ನೆರಡು ತಿಂಗಳೂ ಬರುತ್ತಿದ್ದವನು ಒಬ್ಬನೇ, ಯಮನೂರಪ್ಪ. ಬೇವೂರಿನವನು, ಗೇಟಿನ ಹತ್ತಿರ ಲಾರಿ ತೂಗುವ ಕಾಟಾದ ಮೇಲೆ ಕೂತು ಇಪ್ಪತ್ತು ವರ್ಷದ ಮೇಲಾಗಿದೆ. ಕಾಟಾಕ್ಕೆ ಗಿರಣಿಯ ಹೆಸರಿದ್ದರೂ ರೈತರು ಅನ್ನುವುದು ಯಮನೂರಪ್ಪನ ಕಾಟಾ. ಮಧ್ಯಾಹ್ನ ಬುತ್ತಿಗಂಟು ಹಿಡಿದು ನನ್ನ ಕೋಣೆಗೆ ಬರುತ್ತಿದ್ದ. “ಯವ್ವಾ, ತಗೋ, ಪುಂಡಿಪಲ್ಲೆ” ಎಂದು ನನ್ನ ಡಬ್ಬಿಯ ಮುಚ್ಚಳಕ್ಕೆ ಸುರಿಯುತ್ತಿದ್ದ. ನಾನು ಮಾಡಿದ ಅನ್ನವನ್ನು ಬೆರಳಿನಿಂದ ಒತ್ತಿ ನೋಡಿ, “ಅಕ್ಕಿ ಗಿರಣ್ಯಾಗ ಇದ್ದು ಇಂಥಾ ಅನ್ನ ಮಾಡ್ತೀಯಲ್ಲ, ಸಾವ್ಕಾರ್ರಿಗೆ ಗೊತ್ತಾದ್ರ ಕೆಲಸದಿಂದ ತಗೀತಾರ ನಿನ್ನ” ಎನ್ನುತ್ತಿದ್ದ. ನಾನು ಕಂಪ್ಯೂಟರಿನ ಕಷ್ಟಗಳನ್ನು ಹೇಳುತ್ತಿದ್ದೆ. ಅವನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಆದರೂ ಸರಿಯಾದ ಜಾಗದಲ್ಲಿ “ಅಯ್ಯ ಶಿವನ!” ಎನ್ನುತ್ತಿದ್ದ. ಅಷ್ಟು ಸರಿಯಾದ ಜಾಗದಲ್ಲಿ ಯಾವ ಇಂಜಿನಿಯರೂ ಅಂದದ್ದು ನಾನು ಕೇಳಿಲ್ಲ.

ಕಳೆದ ಸುಗ್ಗಿಯಲ್ಲಿ ನಮ್ಮ ಸರ್ವರು ಇದ್ದಕ್ಕಿದ್ದಂತೆ ಮೂರ್ಛೆ ಹೋಗತೊಡಗಿತು. ಭತ್ತದ ಲಾರಿಗಳು ಗೇಟಿನಿಂದ ರಸ್ತೆಯವರೆಗೆ ನಿಂತಿವೆ, ಡ್ರೈವರುಗಳು ಹಾರ್ನು ಒತ್ತುತ್ತಿದ್ದಾರೆ, ಮೇಲೆ ಸರ್ವರಿನ ಪರದೆ ಹೆಪ್ಪುಗಟ್ಟಿ ಕೂತಿದೆ. ನಾನು ಓಡಿಹೋಗಿ ಆರಿಸಿ ಹೊತ್ತಿಸುವುದು, ಮತ್ತೆ ಎರಡು ದಿನಕ್ಕೆ ಅದೇ ಕಥೆ. ಗಿರಣಿಯ ಒಡೆಯರಾದ ಸಾಹುಕಾರರು ಮೆಟ್ಟಿಲ ಕೆಳಗೆ ನಿಂತು, “ಮೇಡಮ್ಮಾರ, ಅದಕ್ಕ ಏನರ ದೆವ್ವ ಬಡದೈತೇನ್ರಿ? ನಿಂಬಿಹಣ್ಣು ಕಟ್ಟಸಲಿ?” ಎಂದರು. ನನ್ನ ಓದಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಡ. ಹಟ ಹಿಡಿದು ಕೂತು, ಮೂರ್ಛೆ ಹೋದ ಹೊತ್ತುಗಳನ್ನೆಲ್ಲ ಬರೆದು ನೋಡಿದೆ. ಎಲ್ಲವೂ ಯಮನೂರಪ್ಪನ ಚಹಾದ ಹೊತ್ತು. ಮರುದಿನ ಕಿಟಕಿಯಿಂದ ಕಾಟಾದ ಕೋಣೆಯನ್ನೇ ನೋಡುತ್ತ ನಿಂತೆ. ಅವನು ಎದ್ದ, ಕಾಟಾದ ತೂಕವನ್ನು ಸರ್ವರಿಗೆ ಮುಟ್ಟಿಸಲು ಆ ಸುಗ್ಗಿಗಷ್ಟೇ ಎಳೆಸಿದ್ದ ನೆಟ್‌ವರ್ಕಿನ ನೀಲಿ ವಯರನ್ನು ಗೋಡೆಯ ಪೆಟ್ಟಿಗೆಯಿಂದ ಕಿತ್ತ, ಮೊಳೆಗೆ ತೂಗುಹಾಕಿ ಚಹಾಕ್ಕೆ ಹೋದ. ಬಂದ ಮೇಲೆ ಮತ್ತೆ ಸಿಕ್ಕಿಸಿದ. ನನ್ನ ಹಿಂದೆ ಸರ್ವರು ಹೆಪ್ಪುಗಟ್ಟಿತು.

ಕೆಳಗೆ ಹೋಗಿ ಕೇಳಿದೆ. ಅವನು ಮುಚ್ಚಿಡಲಿಲ್ಲ. “ಅದ್ರ ದೀಪ ಮಿಣಮಿಣ ಅಂತಿರ್ತೈತಿ ಯವ್ವಾ. ನಾ ಇಲ್ದಾಗ ಸುಮ್ನ ಯಾಕ ದುಡೀಬೇಕು? ಅದಕ್ಕೂ ದಣಿವಿರಂಗಿಲ್ಲೇನು?”

ನಗಬೇಕಿತ್ತು. ನಗಲಿಲ್ಲ. ಕಾರಣ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ಮೇಲೆ ಬಂದು ಸಾಹುಕಾರರಿಗೆ ವರದಿ ಬರೆದೆ. “ತೊಂದರೆಗೆ ಕಾರಣ: ಕಾಟಾ ನಿರ್ವಾಹಕ ಯಮನೂರಪ್ಪನವರ ಅಜಾಗರೂಕತೆ.” ಬರೆದು ಸಹಿ ಹಾಕಿ, ಅಕ್ಷರ ದುಂಡಗಿವೆಯೇ ಎಂದು ಕೂಡ ನೋಡಿಕೊಂಡೆ. ಸಾಹುಕಾರರು ಬೈಯಲಿಲ್ಲ, ಕೂಗಾಡಲಿಲ್ಲ. ಮರುದಿನದಿಂದ ಯಮನೂರಪ್ಪನನ್ನು ಹಿಂದಿನ ಖಾಲಿ ಚೀಲದ ಗೋದಾಮಿಗೆ ಕಳಿಸಿದರು. ಕಾಟಾದ ಮೇಲೆ ಬೇರೊಬ್ಬ ಬಂದು ಕೂತ. ಮಧ್ಯಾಹ್ನ ನನ್ನ ಕೋಣೆಗೆ ಯಾರೂ ಬರಲಿಲ್ಲ. ಇವತ್ತು ಗೋದಾಮಿನ ಕೆಲಸ ಹೊಸದು, ನಾಳೆ ಬರುತ್ತಾನೆ ಎಂದುಕೊಂಡೆ. ನಾಳೆಯೂ ಬರಲಿಲ್ಲ.

ಎಂಟು ದಿನ ಸರ್ವರು ಮೂರ್ಛೆ ಹೋಗದೆ ನಡೆಯಿತು. ಒಂಬತ್ತನೆಯ ದಿನ ಭಾರದ ಲಾರಿಯೊಂದು ಕಾಟಾ ಹತ್ತುವಾಗ ಗೋಡೆ ಅದುರಿ, ಸಡಿಲವಿದ್ದ ವಯರು ತಾನಾಗಿಯೇ ಬಿಚ್ಚಿ ಮತ್ತೆ ಕೂತಿತು. ಮೇಲೆ ಸರ್ವರು ಮತ್ತೆ ಮೂರ್ಛೆ. ಆಗ ನನ್ನ ತಲೆಗೆ ಒಂದು ಸಾದಾ ಮಾತು ಹೊಳೆಯಿತು. ವಯರು ಅಂದ ಮೇಲೆ ಬಿಚ್ಚುತ್ತದೆ. ಇಲಿ ಕಡಿಯುತ್ತದೆ, ಕಾಲು ಎಡವುತ್ತದೆ, ಮುದುಕರು ಕನಿಕರದಿಂದ ಕೀಳುತ್ತಾರೆ. ಒಂದು ವಯರು ಬಿಚ್ಚಿದ್ದಕ್ಕೆ ಇಡೀ ಸರ್ವರು ಸಾಯುತ್ತದೆಂದರೆ ತಪ್ಪು ವಯರಿನದಲ್ಲ, ಕಿತ್ತವನದೂ ಅಲ್ಲ.

ಗಿರಣಿಗೆ ಭಾನುವಾರ ರಜೆ. ನನಗೆ ಭಾನುವಾರ ಬಂದರೆ ಏನು ಮಾಡಬೇಕೆಂದು ಮೊದಲೇ ತಿಳಿಯುವುದಿಲ್ಲ. ಹಾಗಾಗಿ ಎರಡು ಹಳೆಯ ಕಂಪ್ಯೂಟರು ಎದುರು ಬದುರು ಇಟ್ಟುಕೊಂಡು, ನಡುವೆ ಒಂದು ನೀಲಿ ವಯರು ಹಾಕಿ, ಕೀಳುವುದು ಸಿಕ್ಕಿಸುವುದು, ಕೀಳುವುದು ಸಿಕ್ಕಿಸುವುದು ಮಾಡುತ್ತ ಕೂತೆ. ಆ ಹೊತ್ತಿನಲ್ಲಿ ಯಾರಾದರೂ ನೋಡಿದ್ದರೆ ಸಾಹುಕಾರರು ನಿಂಬೆಹಣ್ಣನ್ನು ನನಗೇ ಕಟ್ಟಿಸುತ್ತಿದ್ದರು. ಮೂರು ಭಾನುವಾರ ಕಳೆದ ಮೇಲೆ ತಪ್ಪು ಸಿಕ್ಕಿತು. ಅದು ನಮ್ಮ ತಂತ್ರಾಂಶದಲ್ಲಿರಲಿಲ್ಲ. ಅದರ ಅಡಿಯಲ್ಲಿರುವ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲಿ, ನಾವು ಕರ್ನೆಲ್ ಎನ್ನುತ್ತೇವಲ್ಲ, ಅದರಲ್ಲಿ ನೆಟ್‌ವರ್ಕು ನೋಡಿಕೊಳ್ಳುವ ಭಾಗದಲ್ಲಿತ್ತು. ಜಗತ್ತಿನ ಎಷ್ಟೋ ಜನ ಸೇರಿ ಬರೆದು ಎಲ್ಲರ ಮುಂದೆ ತೆರೆದಿಟ್ಟ ಸಾಲುಗಳವು; ಓದುವ ತಾಳ್ಮೆ ಮತ್ತು ಬೇರೆ ಕೆಲಸವಿಲ್ಲದ ಭಾನುವಾರ ಇದ್ದರೆ ಯಾರು ಬೇಕಾದರೂ ಓದಬಹುದು.

ತಪ್ಪು ಏನೆಂದು ಹೇಳುತ್ತೇನೆ, ಹೆದರಬೇಡಿ. ಒಂದು ಸಂಪರ್ಕ ಶುರುವಾದಾಗ ಕರ್ನೆಲ್ ತನ್ನ ನೆನಪಿನಲ್ಲಿ ಅದಕ್ಕೊಂದು ಜಾಗ ಕೊಡುತ್ತದೆ. ಸಂಪರ್ಕ ಕಡಿದರೆ ಜಾಗ ಖಾಲಿ ಮಾಡಿಸಿ ಬೇರೆಯವರಿಗೆ ಕೊಡುತ್ತದೆ. ಬಾಡಿಗೆ ಮನೆಯ ಹಾಗೆ. ನಾನಿರುವ ಮನೆಯಲ್ಲಿ ನನಗಿಂತ ಮೊದಲು ಒಬ್ಬ ಗುತ್ತಿಗೆದಾರರಿದ್ದರು. ಅವರು ಬಿಟ್ಟುಹೋದ ಸುದ್ದಿ ಅವರ ಸೋದರಮಾವನಿಗೆ ಯಾರೂ ಹೇಳಿರಲಿಲ್ಲ. ಆ ಮಾವ ಒಂದು ಮಧ್ಯಾಹ್ನ ತಮ್ಮಲ್ಲಿದ್ದ ಕೀಲಿಯಿಂದ ಬಾಗಿಲು ತೆಗೆದು, ನನ್ನ ಮಂಚದ ಮೇಲೆ ಮಲಗಿ, ಮಜ್ಜಿಗೆಯನ್ನೂ ಕುಡಿದು ಮುಗಿಸಿದ್ದರು. ಸಂಜೆ ನನ್ನನ್ನು ನೋಡಿ ಅವರೇ ಚೀರಿದರು. ಕರ್ನೆಲ್ಲಿನಲ್ಲಿ ಆಗುತ್ತಿದ್ದದ್ದೂ ಇಷ್ಟೇ. ಕಾಟಾದ ಹಳೆಯ ಯಂತ್ರ ಮಾತಾಡುವ ಒಂದು ಹಳೆಯ ಪದ್ಧತಿಯಲ್ಲಿ, ವಯರು ಬಿಚ್ಚಿದಾಗ ಜಾಗ ಖಾಲಿಯಾಗುತ್ತಿತ್ತು. ಆದರೆ ಒಂದು ಟೈಮರಿಗೆ ಮಾತ್ರ ಆ ಸುದ್ದಿ ಹೋಗುತ್ತಿರಲಿಲ್ಲ. ಅದು ತನ್ನ ಹೊತ್ತಿಗೆ ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿ ಈಗ ಯಾರಿದ್ದಾರೆಂದು ನೋಡದೆ, ತನ್ನದನ್ನು ಗೀಚಿ ಬರುತ್ತಿತ್ತು. ನಮ್ಮಲ್ಲಿ ಅದರಿಂದ ಮೂರ್ಛೆ. ಆದರೆ ಕೆಟ್ಟ ಬುದ್ಧಿಯವನು ದೂರದಿಂದಲೇ, ವಯರು ಮುಟ್ಟದೆಯೇ, ಬೇಕೆಂದು ಹಾಗೆ ಮಾಡಿದರೆ ಯಂತ್ರದ ಯಜಮಾನನೇ ಆಗಿಬಿಡಬಹುದು. ಇದು ಗೊತ್ತಾದಾಗ ನನಗೆ ಕೈ ತಣ್ಣಗಾಯಿತು. ಏಸಿಯೂ ಸ್ವಲ್ಪ ಜೋರಿತ್ತು.

ನಾಲ್ಕು ಪುಟ ಬರೆದು, ಪುರಾವೆ ಸೇರಿಸಿ, ಕರ್ನೆಲ್ ನೋಡಿಕೊಳ್ಳುವ ಪರದೇಶದವರಿಗೆ ಕಳಿಸಿದೆ. ನಮ್ಮ ಮನೆಗೆ ಗ್ಯಾಸ್ ಸಿಲಿಂಡರು ಬರಲು ಬೇಕಾಗುವುದರ ಅರ್ಧ ಹೊತ್ತಿನಲ್ಲಿ ಉತ್ತರ ಬಂತು. ತುಂಬ ಒಳ್ಳೆಯ ವರದಿ, ವಂದನೆಗಳು. ಸರಿಪಡಿಸಿದ್ದನ್ನು ಎಲ್ಲ ಕಡೆ ತಲುಪಿಸುವವರೆಗೆ ದಯವಿಟ್ಟು ಯಾರಿಗೂ ಹೇಳಬೇಡಿ. ಆಮೇಲೆ ದಿನಕ್ಕೊಂದು ಪತ್ರ. ಚಳಿ ದೇಶದಲ್ಲಿರುವ ಒಬ್ಬಾತ ನನ್ನ ಒಂದೊಂದು ಸಾಲನ್ನೂ ಎತ್ತಿಕೊಂಡು, ಇದು ಹೀಗೋ, ಅದು ಹಾಗೋ ಎಂದು ಕೇಳುತ್ತಿದ್ದ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಹೇಳಿದ್ದಕ್ಕೆ ಮರುಪ್ರಶ್ನೆ ಬಂದದ್ದು ಅದೇ ಮೊದಲು. ಬೆಳಿಗ್ಗೆ ತಲೆ ಬಾಚಿಕೊಂಡು ಪತ್ರ ತೆರೆಯುತ್ತಿದ್ದೆ. ಯಾಕೆ ತಲೆ ಬಾಚಬೇಕಿತ್ತೋ ಗೊತ್ತಿಲ್ಲ.

ಆ ಸಂಭ್ರಮದಲ್ಲಿದ್ದಾಗಲೇ ಒಂದು ದಿನ ಕಾಟಾದ ಹತ್ತಿರ ಬೇವೂರಿನ ರೈತರೊಬ್ಬರು ನನ್ನನ್ನು ನಿಲ್ಲಿಸಿದರು. “ಮೇಡಮ್ಮಾರ, ನಮ್ಮೂರ ಯಮನೂರಪ್ಪನ್ನ ಕಾಟಾದಿಂದ ತಗದಾರಂತಲ್ರಿ. ತೂಕದಾಗ ಕೈಯಾಡಿಸಿದ್ನಂತ, ಖರೇನ್ರಿ? ಊರಾಗ ಎಲ್ಲಾರೂ ಅದನ್ನ ಅಂತಾರ.”

“ಇಲ್ರಿ, ಹಂಗೇನಿಲ್ರಿ” ಎಂದೆ.

“ಮತ್ತ ಯಾಕ ತಗದ್ರಿ?”

ಮೇಲೆ ಕೆಲಸವಿದೆ ಎಂದು ಅಲ್ಲಿಂದ ಜಾರಿಕೊಂಡೆ. ಕಾಟಾದಿಂದ ಇಳಿಸಿದ ಮನುಷ್ಯನ ಬಗ್ಗೆ ಜನ ಬೇರೇನು ತಿಳಿದಾರು? ವಯರು, ಟೈಮರು, ಕರ್ನೆಲ್ ಎಂದುಕೊಳ್ಳುತ್ತಾರೆಯೇ? ಇಪ್ಪತ್ತು ವರ್ಷ ಒಂದು ಕಿಲೋ ಆಚೀಚೆ ಮಾಡದವನಿಗೆ ನನ್ನ ಒಂದು ಸಾಲು ಕಳ್ಳನ ಹೆಸರು ತಂದಿತ್ತು. ಅವತ್ತು ಚಳಿ ದೇಶದ ಪತ್ರವನ್ನು ನಾನು ತೆರೆಯಲಿಲ್ಲ. ನೇರ ಸಾಹುಕಾರರ ಹತ್ತಿರ ಹೋದೆ.

“ನಿಮಗೊಂದು ವಿಷಯ ಹೇಳಬೇಕಾಗಿತ್ರಿ.”

“ಹೇಳ್ರಿ ಮೇಡಮ್ಮಾರ.”

“ಈಗ ಹೇಳಂಗಿಲ್ರಿ.”

ಸಾಹುಕಾರರು ಕನ್ನಡಕ ತೆಗೆದರು. “ಹಂಗಾದ್ರ ಯಾವಾಗ ಹೇಳೋರು?”

“ಇನ್ನ ಒಂದು ತಿಂಗಳ ಆಗಬಹುದ್ರಿ. ಅವ್ರು ಬ್ಯಾಡ ಅಂದಾರ.”

“ಅವ್ರು ಅಂದ್ರ ಯಾರು?”

“ಪರದೇಶದವ್ರು ರಿ. ದಿನಾ ಪತ್ರ ಬರಿತಾರ.”

ಅವರ ಮುಖ ಅರಳಿತು. “ತಿಳೀತು ಬಿಡ್ರಿ, ತಿಳೀತು. ತಡಾ ಆದ್ರೂ ಛಲೋ ಆತು. ನಾವೂ ಯಾರಿಗೂ ಹೇಳಂಗಿಲ್ಲ.” ಎದ್ದು ನಿಂತು, ಮೇಜಿನ ಮೇಲಿದ್ದ ಕಲ್ಲುಸಕ್ಕರೆಯ ಡಬ್ಬಿ ಮುಂದೆ ಹಿಡಿದರು. ನಾನು ಒಂದು ಹರಳು ಬಾಯಿಗೆ ಹಾಕಿಕೊಂಡು ಹೊರಬಂದೆ. ಅರ್ಧ ಮೆಟ್ಟಿಲು ಹತ್ತಿದ ಮೇಲೆ, ಅವರಿಗೆ ತಿಳಿದದ್ದು ಏನೆಂದು ನನಗೆ ತಿಳಿಯಿತು. ತಿರುಗಿ ಹೋಗಿ ಹೇಳಲು ನಾಚಿಕೆಯಾಯಿತು. ಯಮನೂರಪ್ಪನ ಹೆಸರು ನನ್ನ ಗಂಟಲಲ್ಲೇ, ಕಲ್ಲುಸಕ್ಕರೆಯ ಜೊತೆಗೆ ಉಳಿಯಿತು.

ಯಾರಿಗೂ ಹೇಳುವುದಿಲ್ಲ ಎಂದ ಸಾಹುಕಾರರು ಎಷ್ಟು ಜನಕ್ಕೆ ಹೇಳಿದರೋ. ನಮ್ಮ ಕಡೆ ಸುದ್ದಿ ಹೋಗಲು ವಯರು ಬೇಕಿಲ್ಲ. ಮೂರನೆಯ ದಿನ ಕುಷ್ಟಗಿಯಿಂದ ತಂಗಿಯ ಫೋನು. ಅವಳು ಹಬ್ಬಕ್ಕೊಮ್ಮೆ ಮಾಡುವವಳು. “ಅಕ್ಕಾ, ಸಾಣಾಪುರದ ಕೆರಿ ನೋಡಾಕ ಬಂದಿದ್ನಂತ, ಅಲ್ಲೇ ಭೆಟ್ಟಿ ಆತಂತ? ಬಿಳೀ ಮನಿಷಾ ಅಂತ! ಖರೇ ಹೇಳು, ರೊಟ್ಟಿ ತಿಂತಾನೇನ ಅಂವ?”

“ಯಾರೂ ಇಲ್ಲ, ಏನೂ ಇಲ್ಲ” ಎಂದೆ.

“ಇಲ್ದ ಸುದ್ದಿ ಇಲ್ಲಿತನಾ ನಡಕೊಂಡು ಬರ್ತೈತೇನ? ಮತ್ತ ಏನೋ ಮುಚ್ಚಿಟ್ಟೀಯಂತಲ್ಲ?”

“ಮುಚ್ಚಿಟ್ಟದ್ದು ಖರೇ. ಆದ್ರ ಅದು ಇದಲ್ಲ.”

“ಇರ್ಲಿ ಇರ್ಲಿ, ನಾ ಕೇಳಂಗಿಲ್ಲ” ಎಂದು ನಕ್ಕಳು. ಅಂದಿನಿಂದ ದಿನವೂ ಫೋನು. ಏನು ಉಟ್ಟೆ, ಏನು ತಿಂದೆ, ಮುಖಕ್ಕೆ ಏನು ಹಚ್ಚಿದೆ. ಹಮಾಲರ ಹೆಂಗಸರು ನನ್ನನ್ನು ಕಂಡರೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಿಜ ಹೇಳಿಬಿಡುತ್ತೇನೆ: ಸುಳ್ಳು ಸುದ್ದಿಯೇ ಆದರೂ ಆ ದಿನಗಳಲ್ಲಿ ನನಗೆ ಗಿರಣಿ ಅಷ್ಟು ಖಾಲಿ ಅನ್ನಿಸಲಿಲ್ಲ. ಅದಕ್ಕೇ ನಾನು ಅದನ್ನು ಜೋರಾಗಿ ಅಲ್ಲಗಳೆಯಲೂ ಇಲ್ಲ.

ಖಾಲಿ ಅನ್ನಿಸುತ್ತಿದ್ದುದು ಮಧ್ಯಾಹ್ನ ಮಾತ್ರ. ಒಮ್ಮೆ ಧೈರ್ಯ ಮಾಡಿ ಚೀಲದ ಗೋದಾಮಿಗೆ ಹೋದೆ. ಯಮನೂರಪ್ಪ ಹರಿದ ಚೀಲ, ಗಟ್ಟಿ ಚೀಲ ಬೇರೆ ಮಾಡುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. “ಬರ್ರಿ ಮೇಡಮ್ಮಾರ. ಏನ್ ಬೇಕಾಗಿತ್ರಿ?” ಅವನ ಬಾಯಲ್ಲಿ ನಾನು ಯಾವತ್ತೂ ನೀನು, ಯವ್ವಾ. ಹಾಗೆ ಎದ್ದು ನಿಂತದ್ದೂ ಇಲ್ಲ. ಏನು ಹೇಳಬೇಕೆಂದು ಬಂದಿದ್ದೆನೋ ಮರೆತು, “ಒಂದು ಖಾಲಿ ಚೀಲ ಬೇಕಾಗಿತ್ತು” ಎಂದೆ. ಗಟ್ಟಿಯಾದದ್ದೇ ಹುಡುಕಿ, ಧೂಳು ಝಾಡಿಸಿ ಕೊಟ್ಟ. ಆ ಚೀಲ ಇನ್ನೂ ನನ್ನ ಕೋಣೆಯಲ್ಲಿದೆ. ಅದರಲ್ಲಿ ಹಾಕಲು ನನ್ನ ಹತ್ತಿರ ಏನೂ ಇಲ್ಲ.

ಐದು ವಾರ ಕಳೆದು ಒಂದು ಬೆಳಿಗ್ಗೆ ಪತ್ರ ಬಂತು. ಸರಿಪಡಿಸಿದ್ದು ಎಲ್ಲ ಕಡೆ ಹೋಗಿದೆ, ಇನ್ನು ನೀವು ಯಾರಿಗೆ ಬೇಕಾದರೂ ಹೇಳಬಹುದು. ಅದರ ಟಿಪ್ಪಣಿಯ ಕೊನೆಯಲ್ಲಿ, ವರದಿ ಮಾಡಿದವರು ಎಂಬ ಸಾಲಿನಲ್ಲಿ ನನ್ನ ಹೆಸರಿತ್ತು. ಚಳಿ ದೇಶದವನು ಶುಭ ಹಾರೈಸಿದ್ದ. ಅಲ್ಲಿಗೆ ಅವನ ಪತ್ರಗಳೂ ಮುಗಿದವು. ಕೇಳಲು ಅವನಿಗೆ ಇನ್ನೇನೂ ಉಳಿದಿರಲಿಲ್ಲ. ಮೊದಲು ತಂಗಿಗೆ ಫೋನು ಮಾಡಿ ಎಲ್ಲ ವಿವರಿಸಿದೆ. ಅವಳು ತಗ್ಗಿದ ದನಿಯಲ್ಲಿ, “ಮುರದ ಬಿತ್ತೇನಕ್ಕಾ? ಹೋಗ್ಲಿ ಬಿಡು, ನಿನಗೇನ್ ಕಡಿಮಿ ಆಗೈತಿ” ಎಂದಳು. ಮರುದಿನದಿಂದ ಫೋನು ಮತ್ತೆ ಹಬ್ಬಕ್ಕೆ.

ಟಿಪ್ಪಣಿಯನ್ನು ಮುದ್ರಿಸಿಕೊಂಡು ಗೋದಾಮಿಗೆ ಹೋದೆ. ಅವನ ಪಕ್ಕದಲ್ಲೇ ಚೀಲದ ಗುಡ್ಡೆಯ ಮೇಲೆ ಕೂತು, ಖಾಲಿ ಜಾಗ, ಟೈಮರು, ಸೋದರಮಾವ ಎಲ್ಲ ಹೇಳಿದೆ. ಯಮನೂರಪ್ಪ ಕೈಯಲ್ಲಿನ ಚೀಲ ಬಿಡದೆ ಕೇಳಿದ. ಒಂದು ಸಲವೂ “ಅಯ್ಯ ಶಿವನ” ಎನ್ನಲಿಲ್ಲ.

“ಹಂಗಾದ್ರ ಜಗತ್ತಿನ ಮಿಷನ್ನಾಗ ಎಲ್ಲಾ ಈ ತಪ್ಪು ಇತ್ರಿ?”

“ಇತ್ತು.”

“ಅದನ್ನ ತೋರ್ಸಿದ್ದು ಆ ವಯರು.”

“ಹೌದು.”

“ವಯರ್ ಕಿತ್ತಾಂವ ನಾನು.” ಕಾಗದದ ಕಡೆ ಬೆರಳು ಮಾಡಿದ. “ಅದ್ರಾಗ ನನ್ನ ಹೆಸರು ಐತೇನ್ರಿ?”

“ಇಲ್ಲ” ಎಂದೆ. ನಾಲ್ಕು ಪುಟದಲ್ಲಿ ನಾನು ಅವನನ್ನು “ಸಂಪರ್ಕ ಕಡಿದಾಗ” ಎಂದಷ್ಟೇ ಬರೆದಿದ್ದೆ.

“ನನ್ನ ಹೆಸರು ಬರದದ್ದು ಒಂದ ಕಾಗದದಾಗ್ರಿ” ಎಂದ ಯಮನೂರಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. “ಅದು ಸಾವ್ಕಾರ್ರ ಟೇಬಲ್ಲಿನಾಗ ಐತಿ. ಊರಾಗ ನನ್ನ ಮಗಳ ಮಾವಾರು ಕೇಳ್ತಾರ, ಯಾಕ ತಗದ್ರಪಾ ಅಂತ. ನಾ ಏನ್ ಹೇಳ್ಲಿ? ದೀಪ ಮಿಣಮಿಣ ಅಂತಿತ್ತು ಅಂತ ಹೇಳ್ಲಿ?”

ಮೇಲೆ ಬಂದು ಒಂದು ಹಾಳೆ ತೆಗೆದುಕೊಂಡೆ. ಇಂಗ್ಲಿಷಿನಲ್ಲಿ ನಾಲ್ಕು ಪುಟ ಸರಸರ ಬರೆದವಳಿಗೆ ಕನ್ನಡದಲ್ಲಿ ಮೂರು ಮಾತು ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. “ಯಮನೂರಪ್ಪನವರ ತಪ್ಪಿಲ್ಲ. ನನ್ನ ಹಿಂದಿನ ವರದಿ ತಪ್ಪು. ತಪ್ಪು ನನ್ನದು.” ಸಹಿ ಹಾಕಿ ಸಾಹುಕಾರರಿಗೆ ಕೊಟ್ಟೆ. ಜೊತೆಗೆ ಗುಟ್ಟಿನ ಕಥೆಯನ್ನೂ, ಅವರು ತಿಳಿದುಕೊಂಡಿದ್ದ ಮದುವೆ ಇಲ್ಲವೆಂಬುದನ್ನೂ ಹೇಳಿದೆ. ಪರದೇಶದವರು ಐದು ವಾರ ಬಾಯಿ ಕಟ್ಟಿದ್ದರು, ಅದಕ್ಕೇ ತಡವಾಯಿತು ಎಂದೆ.

ಅವರು ಹಾಳೆಯನ್ನು ಎರಡು ಸಲ ಓದಿದರು. “ಬಾಯಿ ಕಟ್ಟಿದ್ದು ಮಿಷನ್ನಿನ ಮಾತಿಗಲ್ರಿ ಮೇಡಮ್ಮಾರ? ಅಂವಂದು ತಪ್ಪಿಲ್ಲ ಅನ್ನಾಕ ಯಾರ ಬ್ಯಾಡ ಅಂದಿದ್ರು?”

ಇಪ್ಪತ್ತು ವರ್ಷದಲ್ಲಿ ಯಾರೂ ಏನೂ ಕೇಳುವುದಿಲ್ಲವೆಂದು ಗೊಣಗಿದವಳು ನಾನು. ಗಿರಣಿಯಲ್ಲಿ ಕೊನೆಗೂ ಒಬ್ಬರು ಮರುಪ್ರಶ್ನೆ ಕೇಳಿದರು.

ಸಾಹುಕಾರರು ಅಂದೇ ಬೇವೂರಿನ ರೈತರ ಎದುರಿಗೆ ಹಾಳೆಯನ್ನು ಗಟ್ಟಿಯಾಗಿ ಓದಿಸಿದರು. ಸೋಮವಾರ ಯಮನೂರಪ್ಪ ಕಾಟಾದ ಮೇಲೆ ಬಂದು ಕೂತ. ನಾನು ಗೇಟು ದಾಟುವಾಗ ಎದ್ದು ನಿಂತು, “ಆರಾಮ್ರಿ?” ಎಂದು ಕೇಳಿದ. “ಆರಾಮ್ರಿ” ಎಂದೆ. ಮಧ್ಯಾಹ್ನ ನನ್ನ ಡಬ್ಬಿಯ ಮುಚ್ಚಳ ಖಾಲಿಯೇ ಇತ್ತು. ಗಿರಣಿಯಲ್ಲಿ ಈಗ ನನಗೆ ಯಾರಿಂದಲೂ ಮರ್ಯಾದೆಗೆ ಕಡಿಮೆಯಿಲ್ಲ.